ಅರ್ಧ ನೊಗದ ಫೋಟೋ

ಉಯ್ಯಂಬಳ್ಳಿಯಲ್ಲಿ ಬಸ್ಸಿಳಿದು ಕಾವೇರಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ. ಯಾರೂ ನೇರವಾಗಿ ದಾರಿ ತೋರಿಸುವುದಿಲ್ಲ. ಮೊದಲು, "ಯಾವ್ ಕಾವೇರಮ್ಮ? ಎತ್ತಿನ್ ಕಾವೇರಮ್ಮನಾ?" ಅನ್ನುತ್ತಾರೆ. ಹೂಂ ಅಂದರೆ ಮುಗಿಯಿತು, ದಾರಿಯ ಜೊತೆಗೆ ಅವಳ ಅರ್ಧ ಚರಿತ್ರೆಯನ್ನೂ ಹೇಳಿಯೇ ಕಳಿಸುತ್ತಾರೆ.

ವಯಸ್ಸು ನಲವತ್ತೇಳು. ಆಳು ಕುಳ್ಳಗೆ. ಆದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇಗಿಲ ಮೇಣಿ ಹಿಡಿದಳೆಂದರೆ, ಬದುವಿನ ಮೇಲೆ ಕೂತ ಗಂಡಸರು ಬೀಡಿ ಆರಿಹೋದದ್ದೂ ತಿಳಿಯದೆ ನೋಡುತ್ತಾರೆ. ಅಷ್ಟು ನೆಟ್ಟಗಿನ ಸಾಲು! ಗಂಡ ಬೋರಲಿಂಗಯ್ಯ ಅಡುಗೆ ಕೆಲಸದವನು. ಬೀಗರೂಟಕ್ಕೆ ಸಾವಿರ ಜನಕ್ಕೆ ಮುದ್ದೆ ತಿರುವಬೇಕೆಂದರೆ ಕನಕಪುರದಿಂದ ಚನ್ನಪಟ್ಟಣದವರೆಗೂ ಅವನನ್ನೇ ಕರೆಯುತ್ತಾರೆ. ವಾರದಲ್ಲಿ ನಾಲ್ಕು ದಿನ ಅವನು ಊರಲ್ಲಿರುವುದಿಲ್ಲ. ಹಾಗಾಗಿ ಹೊಲ, ಎತ್ತು, ನೊಗ, ನೇಗಿಲು ಎಲ್ಲದರಲ್ಲೂ ಕಾವೇರಮ್ಮನದೇ ದರ್ಬಾರು.

ಎತ್ತುಗಳು ಅವಳ ತವರಿನವು. ಕೋಡಿಹಳ್ಳಿಯ ಅಣ್ಣ ಎರಡು ಹಳ್ಳಿಕಾರ್ ಕರುಗಳನ್ನು ತಂಗಿಗೆ ಕೊಟ್ಟಿದ್ದ. ಕರಿಯ ಮತ್ತು ಮುದ್ದ. ಅವಳೇ ಬೂಸಾ ಕಲೆಸಿ, ಮೈ ತಿಕ್ಕಿ, ಮೂಗುದಾರ ಹಾಕಿಸಿ, ನೊಗಕ್ಕೆ ಪಳಗಿಸಿದಳು. ಕರಿಯ ಎಡಗಡೆ, ಮುದ್ದ ಬಲಗಡೆ. ಎಂಟು ವರ್ಷ ಅವೆರಡೂ ಅವಳ ಹೊಲದಲ್ಲಿ ಜೊತೆಯಾಗಿ ನಡೆದವು. ಆಮೇಲೆ ದನಗಳಿಗೆ ಚರ್ಮಗಂಟು ರೋಗ ಬಂತು. ಕರಿಯ ಹದಿನೇಳು ದಿನ ಒದ್ದಾಡಿ ಸತ್ತ. ಮುದ್ದ ಉಳಿದ.

ಅಲ್ಲಿಂದ ಒಂದೂವರೆ ವರ್ಷ ಮುದ್ದ ಒಂಟಿ.

ಈ ಸಲದ ಶಿವರಾತ್ರಿ ಕಳೆದ ಮೇಲೆ ಬೋರಲಿಂಗಯ್ಯ ಮಾತು ತೆಗೆದ. "ಲೇ ಕಾವೇರಿ, ಒಂಟಿ ಎತ್ತು ಅಂದ್ರೆ ಒಂಟಿ ಚಪ್ಲಿ ಇದ್ದಂಗೆ ಕನೇ. ತಿಂದು ಸಗಣಿ ಹಾಕದ್ ಬುಟ್ರೆ ಇನ್ನೇನ್ ಮಾಡ್ತಾನೆ ಅವ್ನು?"

"ಅವ್ನು ಸಗಣಿನಾದ್ರೂ ಹಾಕ್ತಾನೆ, ಗೊಬ್ರಕ್ಕಾಯ್ತದೆ. ನೀವ್ ಮನೇಲಿದ್ರೆ ಏನಾಯ್ತದೆ?"

"ತಮಾಷೆ ಬ್ಯಾಡ. ಟ್ರಾಕ್ಟ್ರು ಕರ್ದ್ರೆ ಅರ್ಧ ಗಂಟೆ ಕೆಲ್ಸ. ಮಾರ್ಬುಡಾನ."

"ಟ್ರಾಕ್ಟ್ರು ನಮ್ ಪಟ್ಟೆನಾಗೆ ಎಲ್ಲಿ ತಿರುಗ್ತದೆ? ಹೋದ್ಸಲ ಬಂದೋನು ಬಂಡೆಗೆ ಗುದ್ದಿ, ನಮ್ಮಜ್ಜಿನ್ ಬೈಕಂಡು ಹೋದ. ಮರ್ತ್ಬುಟ್ರಾ?"

ಇದು ಸುಳ್ಳಲ್ಲ. ಅವರದು ಬಂಡೆಗಳ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿದ್ದಿರುವ ಮೂರು ಪಟ್ಟೆ ಹೊಲ. ಎತ್ತು ತಿರುಗುವುದಕ್ಕೇ ಲೆಕ್ಕ ಹಾಕಬೇಕು. ಬೋರಲಿಂಗಯ್ಯನಿಗೂ ಇದು ಗೊತ್ತು. ಆದರೂ ಅವನು ಪಟ್ಟು ಬಿಡಲಿಲ್ಲ, ಇವಳೂ ಬಿಡಲಿಲ್ಲ. ಮೂರು ದಿನ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದದ್ದಕ್ಕಿಂತ ಮಾತಿಗೆ ಬಿದ್ದದ್ದೇ ಹೆಚ್ಚು. ನಾಲ್ಕನೇ ದಿನ ಕಾವೇರಮ್ಮ ಅವನ ಎದುರು ನಿಂತು ಹೇಳಿಬಿಟ್ಟಳು.

"ಯುಗಾದಿ ದಿನ ಮುದ್ದನ್ ಕತ್ಮೇಲೆ ನೊಗ ಕೂರ್ಬೇಕು. ಜೋಡಿ ಕಟ್ಟಿ ಹೊನ್ನಾರು ಹೂಡ್ಬೇಕು. ಹೂಡ್ಲಿಲ್ವಾ, ಮಾರ್ನೆ ದಿನ ನೀವೇ ಹಗ್ಗ ಹಿಡ್ಕಂಡ್ ಹೋಗಿ ಮಾರ್ಬುಡಿ. ನಾನ್ ತುಟಿ ಪಿಟಕ್ ಅನ್ನಾಕಿಲ್ಲ."

ಯುಗಾದಿಯ ಬೆಳಿಗ್ಗೆ ಊರಿನ ಎತ್ತುಗಳೆಲ್ಲ ಸಾಲಾಗಿ ಹೊಲಕ್ಕಿಳಿದು ಹೊಸ ವರ್ಷದ ಮೊದಲ ಸಾಲು ಹೊಡೆಯುವುದೇ ಹೊನ್ನಾರು. ಯುಗಾದಿಗೆ ತಿಂಗಳೂ ಇರಲಿಲ್ಲ. ಬೋರಲಿಂಗಯ್ಯ ಒಳಗೊಳಗೇ ನಕ್ಕು, "ಆಯ್ತು, ನಿನ್ ಮಾತು ನಿನ್ ತಲೆ ಮೇಲೆ" ಎಂದು ಸೌಟು ಕಟ್ಟಿಕೊಂಡು ಯಾವುದೋ ಬೀಗರೂಟಕ್ಕೆ ಹೊರಟ.

ಈಗ ಶುರುವಾಯಿತು ಹುಡುಕಾಟ. ಎತ್ತಿಗೆ ಜೋಡಿ ಹುಡುಕುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟ. ಬಣ್ಣ ನೋಡಬೇಕು, ಎತ್ತರ ನೋಡಬೇಕು, ಹಲ್ಲು ಎಣಿಸಬೇಕು, ಮೈಮೇಲಿನ ಸುಳಿ ನೋಡಬೇಕು. ಇವೆಲ್ಲ ಒಂದು ತೂಕವಾದರೆ ಅದು ಯಾವ ಕಡೆಯ ಎತ್ತು ಅನ್ನುವುದೇ ಒಂದು ತೂಕ. ಬಲಗಡೆ ಪಳಗಿದ ಎತ್ತು ಸಾಯುವವರೆಗೂ ಬಲಗಡೆಯದೇ. ಅದನ್ನು ತಂದು ಎಡಕ್ಕೆ ಕಟ್ಟಿದಿರೋ, ನೊಗ ಮುರಿಯುತ್ತದೆ ಇಲ್ಲವೇ ನಿಮ್ಮ ಕಾಲು ಮುರಿಯುತ್ತದೆ. ಕಾವೇರಮ್ಮ ಸಾತನೂರು, ಕೋಡಿಹಳ್ಳಿ, ಕನಕಪುರದ ಆಚೆಯ ಹಳ್ಳಿಗಳನ್ನೆಲ್ಲ ಬಸ್ಸಲ್ಲಿ ಸುತ್ತಿದಳು. ಐದು ಒಂಟಿ ಎತ್ತು ಸಿಕ್ಕವು. ಐದೂ ಬಲಗಡೆಯವು!

"ಎಡಗಡೆ ಎತ್ತೆಲ್ಲ ಎಲ್ಲೋದ್ವಪ್ಪ? ಓಟ್ ಹಾಕಾಕ್ ಹೋದ್ವಾ?" ಎಂದು ಅವಳು ಬಸ್ಸಿನಲ್ಲಿ ರೇಗಿದ್ದಕ್ಕೆ ಕಂಡಕ್ಟರ್ ನಕ್ಕು, "ಅಕ್ಕ, ಊರೂರು ತಿರ್ಗಾದ್ಯಾಕೆ, ಒಂದ್ ಫ್ಲೆಕ್ಸ್ ಹಾಕ್ಸ್ಬುಡು" ಅಂದ. ತಮಾಷೆಗೆ ಅಂದದ್ದು. ಇವಳು ಆ ತಮಾಷೆಯನ್ನು ಹಿಡಿದುಕೊಂಡು ಸಾತನೂರಿನಲ್ಲೇ ಇಳಿದಳು.

ಸಾತನೂರಿನ ಬಸ್‌ಸ್ಟಾಂಡ್ ಹತ್ತಿರ ಅಕ್ರಮ್ ಎಂಬವನ ಫ್ಲೆಕ್ಸ್ ಅಂಗಡಿ. ಮೂವತ್ತರ ಆಸುಪಾಸಿನ ಚುರುಕು ಮನುಷ್ಯ. ಹುಟ್ಟುಹಬ್ಬ, ಗೃಹಪ್ರವೇಶ, ತಿಥಿ, ಏನೇ ಇರಲಿ, ಫೋಟೋ ಕೊಟ್ಟರೆ ಸಂಜೆಗೆ ಬ್ಯಾನರ್ ತಯಾರು. ಆದರೆ ಎತ್ತಿಗೆ ಜೋಡಿ ಬೇಕೆಂದು ಫ್ಲೆಕ್ಸ್ ಕೇಳಿಕೊಂಡು ಬಂದವರು ಅವನ ಸರ್ವೀಸಿನಲ್ಲೇ ಇವಳೇ ಮೊದಲು.

"ಫೋಟೋ ತಂದಿದ್ದೀರಾ ಅಕ್ಕ?"

ಕಾವೇರಮ್ಮ ಫೋನು ತೆಗೆದು ತೋರಿಸಿದಳು. ಅದು ಅವಳೇ ಹೊಲದಲ್ಲಿ ತೆಗೆದ ಫೋಟೋ. ಮುದ್ದನ ಕತ್ತಿನ ಮೇಲೆ ನೊಗ. ನೊಗದ ಅಭ್ಯಾಸ ತಪ್ಪಬಾರದೆಂದು ಅವಳು ವಾರಕ್ಕೆರಡು ಸಲ ಒಂದು ತುದಿಯನ್ನು ಅವನ ಕತ್ತಿಗೆ ಇಟ್ಟು, ಇನ್ನೊಂದು ತುದಿಯನ್ನು ಕವೆಗೋಲಿನ ಮೇಲೆ ನಿಲ್ಲಿಸುತ್ತಿದ್ದಳು. ಫೋನನ್ನು ನಿಲ್ಲಿಸಿ ಹಿಡಿದಿದ್ದರಿಂದ ಫೋಟೋದಲ್ಲಿ ಮುದ್ದ ಪೂರ್ತಿ ಬಂದಿದ್ದ, ನೊಗ ಅರ್ಧ ಮಾತ್ರ ಬಂದಿತ್ತು. ಕವೆಗೋಲು ಬಂದೇ ಇರಲಿಲ್ಲ.

"ಫೋಟೋ ಉದ್ದಕ್ಕೈತೆ, ಫ್ಲೆಕ್ಸು ಅಗಲಕ್ಕೆ ಬರ್ಬೇಕು. ಹಿಂಗೇ ಎಳುದ್ರೆ ನಿಮ್ಮೆತ್ತು ಎಮ್ಮೆ ಆಯ್ತದೆ."

"ಅಯ್ಯೋ, ಎಮ್ಮೆ ಮಾಡ್ಬ್ಯಾಡ ಕನಪ್ಪ."

"ಅದುಕ್ಕೇ ಎಐ ಇರಾದು. ಪಕ್ಕದಾಗಿನ ಜಾಗನ ಅದೇ ಅಂದಾಜ್ ಮಾಡಿ ತುಂಬ್ತದೆ. ಬದ, ಗಿಡ, ಆಕಾಸ, ಅಲ್ಲಿ ಏನಿರ್ಬೋದೋ ಅದ್ನೆಲ್ಲ ಬರೀತದೆ."

"ನಮ್ಮೊಲನ ಅದ್ಯಾವಾಗ ನೋಡ್ತು?"

"ನೋಡಿಲ್ಲ ಅಕ್ಕ. ಅಂದಾಜು."

ಅಕ್ರಮ್ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಎರಡೂ ಪಕ್ಕಕ್ಕೆ ಚೌಕವನ್ನು ಎಳೆದು, ಒಂದು ಗುಂಡಿ ಒತ್ತಿದ. ಒಂದು ನಿಮಿಷ ಪರದೆ ಮಂಜು ಮಂಜಾಯಿತು. ಮಂಜು ಸರಿದದ್ದೇ ಕಾವೇರಮ್ಮ ಕೂತಿದ್ದ ಸ್ಟೂಲಿನಿಂದ ಎದ್ದುಬಿಟ್ಟಳು.

ಮುದ್ದನ ಪಕ್ಕದಲ್ಲಿ ಇನ್ನೊಂದು ಎತ್ತು ನಿಂತಿತ್ತು. ಅರ್ಧ ನೊಗ ಕಂಡ ಯಂತ್ರ, ಉಳಿದರ್ಧವನ್ನು ಬರೆದು, ಅದಕ್ಕೊಂದು ಎತ್ತನ್ನೂ ಕಟ್ಟಿಬಿಟ್ಟಿತ್ತು. ಅದೇ ಬೂದು ಬಣ್ಣ, ಅದೇ ಎತ್ತರ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಹಣೆಯಲ್ಲೊಂದು ಬಿಳಿ ಚುಕ್ಕೆ. ಇಂಥ ಜೋಡಿಯನ್ನು ಅವಳು ಕರಿಯ ಬದುಕಿದ್ದಾಗಲೂ ಕಂಡಿರಲಿಲ್ಲ.

"ಯಾರೆತ್ಲಾ ಇದು?" ಅವಳ ದನಿ ಇಳಿದುಹೋಗಿತ್ತು.

"ಯಾರ್ದೂ ಅಲ್ಲ ಅಕ್ಕ. ಇಲ್ಲದ್ ಎತ್ತು. ಎಷ್ಟ್ ಚೆಂದಾಗ್ ಬಂದೈತೆ ನೋಡಿ!"

ಅವಳು ಪರದೆಯ ಹತ್ತಿರ ಬಾಗಿ ಆ ಎತ್ತನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ಕೈ ಮುಂದೆ ಹೋಗಿ ಗಾಜನ್ನು ಮುಟ್ಟಿತು. ಆಮೇಲೆ ತಟ್ಟನೆ ಹಿಂದಕ್ಕೆ ಬಂದಳು.

"ಅಳ್ಸು."

"ಯಾಕಕ್ಕ? ಇರ್ಲಿ, ಲಕ್ಷಣವಾಗೈತೆ."

"ಜೋಡಿ ಬೇಕು ಅಂತ ಬೋರ್ಡ್ ಹಾಕೋಳು ಜೋಡಿ ನಿಲ್ಸ್ಕಂಡ್ ಹಾಕುದ್ರೆ ಯಾವನ್ ಬತ್ತಾನೆ? ನಂಗೆ ಇಲ್ಲದ್ ಎತ್ತು ಬ್ಯಾಡ. ಇರಾ ಎತ್ತು ಬೇಕು. ಅಳ್ಸು."

ಅಕ್ರಮ್ ಅಳಿಸಿದ. ಮತ್ತೆ ಒತ್ತಿ, ಒತ್ತಿ, ನಾಲ್ಕನೇ ಸಲಕ್ಕೆ ಬರೀ ಹೊಲ, ಬಂಡೆ, ಒಂದು ಹೊಂಗೆ ಮರ ಬಂತು. ಅದರ ಮೇಲೆ ದಪ್ಪಕ್ಷರದಲ್ಲಿ 'ಬಲಗಡೆ ಎತ್ತಿಗೆ ಎಡಗಡೆ ಜೋಡಿ ಬೇಕಾಗಿದೆ' ಎಂದು ಬರೆದು, ಅವಳ ಹೆಸರು, ಊರು, ಫೋನ್ ನಂಬರ್ ಹಾಕಿ, ಫ್ಲೆಕ್ಸ್ ಮಾಡಿ ಬಸ್‌ಸ್ಟಾಂಡಿನಲ್ಲೇ ಕಟ್ಟಿಸಿದ. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಆದರೆ ಅವನಿಗೆ ಆ ಮೊದಲ ಫೋಟೋದ ಮೇಲೆ ಆಸೆ ಹೋಗಲಿಲ್ಲ. ಕಾವೇರಮ್ಮ ಬಸ್ ಹತ್ತಿದ ಮೇಲೆ ಅದನ್ನು ತನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, 'ನಮ್ಮಲ್ಲಿ ಫೋಟೋ ಅಗಲ ಮಾಡಿಕೊಡಲಾಗುವುದು' ಎಂದು ಬರೆದ.

ಸ್ಟೇಟಸ್ ನೋಡಿದವರಿಗೆ ಅಕ್ಷರ ಯಾಕೆ? ಎತ್ತು ಕಂಡಿತು, ಸಾಕು. ಯಾರೋ ಅದನ್ನು ತೆಗೆದು ಹಳ್ಳಿಕಾರ್ ಎತ್ತುಗಳ ಒಂದು ಗ್ರೂಪಿಗೆ ಹಾಕಿದರು. ಅಲ್ಲಿಂದ ರಾಮನಗರ, ಅಲ್ಲಿಂದ ಮಾಗಡಿ. ಮೂರೇ ದಿನಕ್ಕೆ 'ಉಯ್ಯಂಬಳ್ಳಿ ಕಾವೇರಮ್ಮನ ಜೋಡಿ' ಎಂದು ಹೆಸರೂ ಬಿತ್ತು. ಕಾವೇರಮ್ಮನಿಗೆ ಫೋನ್ ಮೇಲೆ ಫೋನ್. ಎಡಗಡೆ ಎತ್ತು ಇದೆ ಎಂದು ಒಬ್ಬನೂ ಮಾಡಲಿಲ್ಲ. ಎಲ್ಲರೂ, "ಜೋಡಿ ಸಿಕ್ತಂತಲ್ಲಕ್ಕೋ, ಭಾರಿ ಐತೆ ಬುಡು" ಅನ್ನುವವರೇ.

ಅವಳಿಗೆ ಮೈ ಉರಿದು ಹೋಯಿತು. ಅಕ್ರಮನಿಗೆ ಫೋನ್ ಮಾಡಿ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನು ಸ್ಟೇಟಸ್ ತೆಗೆದ. ಆದರೆ ಒಮ್ಮೆ ಗ್ರೂಪಿಗೆ ಬಿದ್ದ ಫೋಟೋ ಹಗ್ಗ ಕಿತ್ತ ಹೋರಿ ಇದ್ದ ಹಾಗೆ, ಹಿಡಿಯುವವರು ಯಾರು?

ಯುಗಾದಿಗೆ ಇನ್ನು ಹನ್ನೆರಡು ದಿನ. ಬೆಳಿಗ್ಗೆ ಹತ್ತರ ಹೊತ್ತು. ಕಾವೇರಮ್ಮ ಮನೆ ಮುಂದಿನ ಹೊಲದಲ್ಲಿ ಮುದ್ದನ ಕತ್ತಿಗೆ ನೊಗ ಇಟ್ಟು ನಿಲ್ಲಿಸಿಕೊಂಡಿದ್ದಳು. ಆಗ ಒಂದು ಖಾಲಿ ಪಿಕಪ್ ಗಾಡಿ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಐದು ಜನ ಇಳಿದರು. ಮುಂದೆ ಇದ್ದವನು ಐವತ್ತು ದಾಟಿದ, ಬಿಳಿ ಮೀಸೆಯ, ಹೆಗಲಿಗೆ ಟವೆಲ್ ಹಾಕಿದ ಗಟ್ಟಿ ಆಸಾಮಿ. ಮಾಗಡಿ ಕಡೆಯ ಅನಂತರಾಜು.

"ಏನಮ್ಮ, ಕಾವೇರಮ್ಮ ಅಂದ್ರೆ ನೀನೇಯಾ? ಎಲ್ಲಮ್ಮ ನನ್ನ ಸೋಮ?"

"ಯಾವ್ ಸೋಮ?"

ಅವನು ಫೋನನ್ನು ಅವಳ ಮುಖಕ್ಕೇ ಹಿಡಿದ. "ಇವ್ನು! ಎಂಟು ತಿಂಗಳ್ ಹಿಂದೆ ನನ್ನ ಕೊಟ್ಗೆಯಿಂದ ಹೊಡ್ಕಂಡ್ ಹೋದ್ರು. ಹಣೆ ಚುಕ್ಕೆ ನೋಡು! ಕೊಂಬ್ ನೋಡು! ನನ್ ಮಗನ್ನ ನಾನ್ ಗುರ್ತ್ ಹಿಡಿಯಾಕಿಲ್ವಾ? ಎಲ್ಲಿ ಕಟ್ಟಿದ್ದೀಯ, ಹೇಳು!"

ಕಾವೇರಮ್ಮನಿಗೆ ಈಗ ಅರ್ಥವಾಯಿತು. ಕಳ್ಳಿ ಅನ್ನುತ್ತಿದ್ದಾರೆ! ಹೊಸ ಎತ್ತು ಸಿಗುವ ಮಾತಿರಲಿ, ಈ ಮಾತು ನಾಲ್ಕೂರಿಗೆ ಹಬ್ಬಿದರೆ ಯಾವ ರೈತ ತಾನೇ ಅವಳ ಕೈಗೆ ತನ್ನ ಎತ್ತಿನ ಹಗ್ಗ ಕೊಡುತ್ತಾನೆ? ಆದರೆ ಅವಳು ಹಿಂದಕ್ಕೆ ಹೆಜ್ಜೆ ಇಡಲಿಲ್ಲ.

"ಯಜಮಾನ್ರೆ, ಆ ಎತ್ತು ಇಲ್ಲ."

"ಇಲ್ಲ ಅಂದ್ರೆ? ಮಾರ್ಬುಟ್ಯಾ?"

"ಇಲ್ಲವೇ ಇಲ್ಲ. ಹುಟ್ಟೇ ಇಲ್ಲ. ಫೋಟೋದಲ್ಲಿ ಮಾತ್ರ ಐತೆ."

ಅನಂತರಾಜು ತನ್ನ ಜೊತೆಗಾರರ ಕಡೆ ತಿರುಗಿದ. "ಕೇಳುದ್ರೇನ್ರಪ್ಪ, ಹುಟ್ಟದೇ ಇರಾ ಎತ್ತು ಫೋಟೋಗ್ ನಿಂತ್ಕತ್ತಂತೆ."

ಅವಳು ಕೊಟ್ಟಿಗೆ ತೆರೆದು ತೋರಿಸಿದಳು. ಮುದ್ದನ ಗೂಟ ಒಂದು, ಪಕ್ಕದಲ್ಲಿ ಬರೀ ಗೂಟ. "ಬೇರೆ ಕಡೆ ಬಚ್ಚಿಟ್ಟವಳೆ" ಅಂದರು. ಹುಲ್ಲಿನ ಮೆದೆಯ ಹಿಂದೆ ನೋಡಿದರು, ಹೊಂಗೆ ತೋಪಿನಲ್ಲಿ ನೋಡಿದರು. ಅಷ್ಟರಲ್ಲಿ ಅವಳು ಅಕ್ರಮನಿಗೆ ಫೋನ್ ಮಾಡಿದ್ದಳು. "ನೀ ಕಟ್ಟಿದ್ ಎತ್ನ ನೀನೇ ಬಂದ್ ಬಿಚ್ಚು" ಅಷ್ಟೇ ಹೇಳಿದ್ದು. ಮುಕ್ಕಾಲು ಗಂಟೆಯಲ್ಲಿ ಅವನು ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ. ರಂಜಾನ್ ತಿಂಗಳು. ಉಪವಾಸದ ಬಾಯಿ, ಬಿಸಿಲಿಗೆ ಮುಖ ಬಾಡಿಹೋಗಿತ್ತು. ಕಾವೇರಮ್ಮ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. ಕಳ್ಳಿ ಅಂದವರು ಅದೇ ಮಜ್ಜಿಗೆಯನ್ನು ಗಟಗಟ ಕುಡಿದರು. ಅಕ್ರಮ್ ಲೋಟದ ಕಡೆ ನೋಡದೆ ಲ್ಯಾಪ್‌ಟಾಪ್ ಬಿಚ್ಚಿದ.

"ಅಣ್ಣ, ಇದು ಅಕ್ಕ ತಂದಿದ್ದ್ ಫೋಟೋ. ಒಂದೇ ಎತ್ತು. ಈಗ ನಾನು ಒತ್ತೀನಿ, ನೋಡ್ತಾ ಇರಿ."

ಒತ್ತಿದ. ಮುದ್ದನ ಪಕ್ಕದಲ್ಲಿ ಕೆಂದು ಬಣ್ಣದ ಎತ್ತು ಬಂತು. ಮತ್ತೆ ಒತ್ತಿದ. ಬಿಳಿಯದು ಬಂತು, ಅದಕ್ಕೆ ಮೂರು ಕೊಂಬು. ಮತ್ತೆ ಒತ್ತಿದ. ಎತ್ತಿನ ಜಾಗದಲ್ಲಿ ಕೆಂಪು ಸೀರೆ ಉಟ್ಟ ಹೆಂಗಸೊಬ್ಬಳು ನೊಗಕ್ಕೆ ಹೆಗಲು ಕೊಟ್ಟು ನಗುತ್ತಾ ನಿಂತಿದ್ದಳು.

ಅನಂತರಾಜುವಿನ ಜೊತೆ ಬಂದಿದ್ದ ಒಬ್ಬ ಗಾಬರಿಯಿಂದ, "ಅಣ್ಣೋ, ಇವ್ನು ಕದ್ದಿರಾ ಎತ್ನೆಲ್ಲ ಇದ್ರೊಳ್ಗೇ ಮಡಿಕ್ಕಂಡವ್ನೆ ಕನಣ್ಣೋ! ಹೆಂಗುಸ್ರನ್ನೂ ಬುಟ್ಟಿಲ್ಲ!" ಅಂದ.

ಅಕ್ರಮ್ ತಲೆ ಮೇಲೆ ಕೈ ಹೊತ್ತುಕೊಂಡ. ಎಷ್ಟು ತೋರಿಸಿದರೆ ಅಷ್ಟು ಕೆಡುತ್ತಿತ್ತು. ಅನಂತರಾಜು ಮೊದಲ ಫೋಟೋವನ್ನೇ ದಿಟ್ಟಿಸುತ್ತಿದ್ದ. ಆ ಚುಕ್ಕೆ, ಆ ಕೊಂಬು. ಎಂಟು ತಿಂಗಳು ಹುಡುಕಿದ ಮನುಷ್ಯನ ಕಣ್ಣು ಅದು, ತನಗೆ ಬೇಕಾದ್ದನ್ನೇ ಕಾಣುತ್ತಿತ್ತು. ಕಾವೇರಮ್ಮ ಅವನನ್ನೇ ನೋಡಿದಳು. ಇವನು ಜಗಳಗಂಟನಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಯಜಮಾನ್ರೆ, ಇತ್ತಗ್ ಬನ್ನಿ. ನನ್ನೆತ್ತಿನ್ ಹಿಂದ್ಗಡೆ ನಿಂತ್ಕಳಿ."

ಅವನು ಅನುಮಾನಿಸುತ್ತಲೇ ಬಂದು, ನೊಗ ಹೊತ್ತ ಮುದ್ದನ ಹಿಂದೆ, ನೇಗಿಲು ಹಿಡಿಯುವವನು ನಿಲ್ಲುವ ಜಾಗದಲ್ಲಿ ನಿಂತ.

"ಮುದ್ದ ಯಾವ್ ಕಡೆ ಅವ್ನೆ?"

"ಬಲಗಡೆ."

"ಫೋಟೋದಾಗೂ ಇವ್ನೇ ತಾನೆ ಇರಾದು? ಇದೇ ಜಾಗ, ಇದೇ ನೊಗ. ಹಂಗಾರೆ ಫೋಟೋದಾಗಿನ್ ಇನ್ನೊಂದೆತ್ತು ಯಾವ್ ಕಡೆ ನಿಂತೈತೆ?"

"ಎಡಗಡೆ."

"ಈಗೇಳಿ. ನಿಮ್ ಸೋಮ ಯಾವ್ ಕಡೆ ಎತ್ತು?"

ಅನಂತರಾಜು ಫೋಟೋದ ಕಡೆ ನೋಡಿದ, ನೊಗದ ಖಾಲಿ ತುದಿಯ ಕಡೆ ನೋಡಿದ. ಪಕ್ಕದವನು ಅವನ ಪಕ್ಕೆಗೆ ತಿವಿದು, "ಎಡಗಡೆ ಅಂತ ಅನ್ನಣ್ಣ" ಎಂದು ಪಿಸುಗುಟ್ಟಿದ. ಎಲ್ಲರಿಗೂ ಕೇಳಿಸಿತು.

"ಥೂ, ಸುಮ್ಕಿರ್ಲಾ. ಎತ್ತಿನ್ ವಿಸ್ಯದಾಗೆ ಸುಳ್ಳಾಡ್ತಾರೇನ್ಲಾ?" ಅನಂತರಾಜು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಬಲಗಡೆ ಕನಮ್ಮ. ನನ್ ಸೋಮ ಬಲಗಡೆ. ಒಂದ್ಸಲ ಎಡಕ್ ಕಟ್ಟಾಕ್ ಹೋಗಿ ನೊಗನೇ ಮುರ್ದಾಕ್ದ. ಆರ್ ವರ್ಷ ಬಲಕ್ ಬುಟ್ಟು ನಿಂತೋನಲ್ಲ."

"ಎಡಗಡೆ ಇಷ್ಟ್ ಸಮಾಧಾನವಾಗಿ ನಿಂತ್ಕತಿದ್ನಾ?"

"ಇಲ್ಲ."

"ಇನ್ನೊಂದ್ ನೋಡಿ. ಮೂಗ್ದಾರ ಐತಾ ಅವ್ನಿಗೆ?"

ಅವನು ಫೋನನ್ನು ಕಣ್ಣಿಗೆ ಹತ್ತಿರ ತಂದ. ಹಿಗ್ಗಿಸಿ ನೋಡಿದ. ಮೂಗುದಾರ ಇರಲಿಲ್ಲ. ಅಷ್ಟು ದೊಡ್ಡ ಎತ್ತು, ನೊಗ ಹೊತ್ತುಕೊಂಡು, ಮೂಗುದಾರವಿಲ್ಲದೆ ನಿಂತಿತ್ತು. ಯಂತ್ರಕ್ಕೆ ಅದು ಬೇಕೆಂದು ತೋಚಿರಲಿಲ್ಲ.

ಕಂಪ್ಯೂಟರ್ ಬಂದು ಹೇಳಿದರೂ ನಂಬದವರು ಇದನ್ನು ನಂಬಿದರು. ಅನಂತರಾಜು ಬದುವಿನ ಮೇಲೆ ಕುಸಿದು ಕೂತ. "ತಪ್ಪಾಯ್ತು ಕನಮ್ಮ. ಫೋಟೋ ಕಂಡೇಟ್ಗೆ ಪ್ರಾಣ ಬಂದಂಗಾಗಿತ್ತು. ಮನೇಲಿ ಜವರನ್ಗೆ ಹೇಳ್ಬುಟ್ ಬಂದಿದ್ದೆ, ತಡೀಲಾ, ಕರ್ಕಂಡ್ ಬತ್ತೀನಿ ಅಂತ."

"ಜವರ ಯಾರು?"

"ಸೋಮನ್ ಜೋಡಿ. ಎಂಟ್ ತಿಂಗ್ಳಿಂದ ಕೆಲ್ಸಿಲ್ದೆ ನಿಂತವ್ನೆ. ಸರ್ಯಾಗಿ ಮೇವೂ ತಿನ್ನಾಕಿಲ್ಲ."

ಕಾವೇರಮ್ಮ ಹಗ್ಗ ಹಿಡಿದಿದ್ದ ಕೈಯನ್ನು ಬಿಗಿ ಮಾಡಿದಳು. "ಎಡಗಡೆಯವ್ನು!"

"ಹೂಂ, ಎಡಗಡೆ."

ಹೇಳಿದ ಮೇಲೆ ಅವನಿಗೂ ತಟ್ಟಿತು. ಇಬ್ಬರೂ ಮುದ್ದನ ಪಕ್ಕದ ಖಾಲಿ ಜಾಗವನ್ನು ನೋಡಿದರು. ಆದರೆ ಅನಂತರಾಜು ಕೂಡಲೇ ಕೈ ಆಡಿಸಿದ. "ನೋಡಮ್ಮ, ಅವ್ನ ಮಾತ್ರ ಕೇಳ್ಬ್ಯಾಡ. ನಾನ್ ಕೊಡಾಕಿಲ್ಲ."

"ಕೊಡಿ ಅಂತ ಯಾರ್ ಕೇಳುದ್ರು? ನಾನೂ ಮುದ್ದನ್ನ ಕೊಡಾಕಿಲ್ಲ."

"ಮತ್ತೆ?"

"ಗಾಡಿ ಖಾಲಿ ತಂದಿದ್ದೀರಿ. ಖಾಲಿ ಹೋಯ್ತದಾ? ಮುದ್ದನ್ನ ಹತ್ಸಿ. ನಾನೂ ಬತ್ತೀನಿ. ಎಲ್ಡನ್ನೂ ಜೊತೇಲಿ ಕಟ್ಟಿ ನೋಡಾನ. ಕೂಡ್ಕಂಡ್ರೆ ಮುಂದಿನ್ ಮಾತು. ಕೂಡ್ಲಿಲ್ಲ ಅಂದ್ರೆ ನನ್ನೆತ್ನ ನಾನ್ ನಡುಸ್ಕಂಡೇ ವಾಪಸ್ ಬತ್ತೀನಿ."

"ಮಾಗಡಿಯಿಂದ ಇಲ್ಲೀಗಂಟ?"

"ಕಾಲಿಲ್ವಾ ನಮ್ಗೆ? ನಂಗೆರಡು, ಅವ್ನಿಗ್ ನಾಕು."

ಅಕ್ರಮ್ ಮೊದಲ ಸಲ ನಕ್ಕ. ಕಾವೇರಮ್ಮ ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿದಳು. ಪಕ್ಕದ ಮನೆಗೆ ಬೀಗದ ಕೈ ಕೊಟ್ಟಳು. ಗಂಡನಿಗೆ ಫೋನ್ ಮಾಡಿ, "ನಾನೂ ಮುದ್ದನೂ ಮಾಗಡಿಗೆ ಓಯ್ತಾ ಇದ್ದೀವಿ. ಹಿಟ್ಟಿನ್ ಡಬ್ಬ ಮೇಲೈತೆ, ಮುದ್ದೆ ತಿರ್ವಕಳಿ. ನಿಮ್ಗೇನ್ ಹೇಳ್ಕೊಡ್ಬೇಕಾ?" ಎಂದು, ಅವನು ಏನು, ಯಾಕೆ ಅನ್ನುವುದರೊಳಗೆ ಇಟ್ಟಳು. ಕದ್ದ ಎತ್ತನ್ನು ಹೊತ್ತೊಯ್ಯಲು ಬಂದ ಗಾಡಿ ಮುದ್ದನನ್ನೂ, ಅವನ ಪಕ್ಕ ಹಗ್ಗ ಹಿಡಿದು ನಿಂತ ಕಾವೇರಮ್ಮನನ್ನೂ ಹೊತ್ತುಕೊಂಡು ಕನಕಪುರದ ದಾರಿ ಹಿಡಿಯಿತು. ಒಳಗೆ ಕೂರು ಎಂದು ಎಷ್ಟು ಹೇಳಿದರೂ ಅವಳು ಹಿಂದಿನಿಂದ ಇಳಿಯಲಿಲ್ಲ.

ಜವರ ನೋಡಲು ಫೋಟೋದ ಎತ್ತಿನ ಹಾಗೆ ಇರಲೇ ಇಲ್ಲ. ಬೆಳ್ಳಗಿದ್ದ. ಮುದ್ದನಿಗಿಂತ ನಾಲ್ಕು ಬೆರಳು ಎತ್ತರ. ಒಂದು ಕೊಂಬು ತುದಿಯಲ್ಲಿ ಸವೆದಿತ್ತು. ಅನಂತರಾಜುವಿನ ಹೆಂಡತಿ ಸುಚಿತ್ರಾ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸೋಮನ್ನ ತತ್ತೀನಿ ಅಂತ ಹೋದೋರು ಯಾರ್ನೋ ಕರ್ಕಂಡ್ ಬಂದವ್ರಲ್ಲ!"

ಮೊದಲ ದಿನ ನೊಗ ಇಡುವುದಕ್ಕೇ ಆಗಲಿಲ್ಲ. ಜವರ ಕೊಂಬು ಬೀಸಿದ. ಮುದ್ದ ಕಾಲು ಊರಿ ಕದಲದೆ ನಿಂತ. ಎರಡನೇ ದಿನ ನೊಗ ಕೂತಿತು, ಆದರೆ ಒಂದು ಮುಂದಕ್ಕೆ ಎಳೆದರೆ ಇನ್ನೊಂದು ಪಕ್ಕಕ್ಕೆ ಎಳೆಯಿತು. ಎರಡೂ ಸೇರಿ ಕಾವೇರಮ್ಮನನ್ನು ಅನಂತರಾಜುವಿನ ಹಿಪ್ಪುನೇರಳೆ ತೋಟದೊಳಕ್ಕೇ ನುಗ್ಗಿಸಿದವು.

"ಬುಡಮ್ಮ, ಕೂಡಾಕಿಲ್ಲ" ಅಂದ ಅನಂತರಾಜು, ಮುರಿದ ಗಿಡ ನೋಡುತ್ತಾ.

"ಮದ್ವೆ ಆದ್ ಎಲ್ಡ್ನೇ ದಿನ ನೀವೂ ನಿಮ್ಮೆಂಡ್ತಿನೂ ಕೂಡ್ಕಂಡಿದ್ರಾ?"

ಒಳಗಿನಿಂದ ಸುಚಿತ್ರಾ, "ಇವತ್ಗೂ ಇಲ್ಲ ಕನಕ್ಕ!" ಅಂದಳು.

ಕಾವೇರಮ್ಮ ನೊಗವನ್ನು ಪಕ್ಕಕ್ಕಿಟ್ಟಳು. ಎರಡೂ ಎತ್ತುಗಳನ್ನು ಒಂದೇ ಗೋದಲಿಗೆ ಕಟ್ಟಿದಳು. ಒಂದೇ ಹಳೆಯ ಕಂಬಳಿಯಿಂದ ಜವರನ ಬೆವರು ಒರೆಸಿ ಮುದ್ದನಿಗೆ ತಿಕ್ಕಿದಳು, ಮುದ್ದನದನ್ನು ಜವರನಿಗೆ ತಿಕ್ಕಿದಳು. ಬೆಳಿಗ್ಗೆ ಸಂಜೆ ಎರಡರ ಕತ್ತಿಗೂ ಒಂದೇ ಹಗ್ಗ ಹಾಕಿ ಕೆರೆಗೆ ನಡೆಸಿದಳು. ಬಿಸಿಲಿಗೆ ಮೂಗು ಸುಲಿಯಿತು, ಕಾಲ ಹೆಬ್ಬೆರಳ ಮೇಲೆ ಜವರ ಒಮ್ಮೆ ಸರಿಯಾಗಿಯೇ ತುಳಿದ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಮಾರನೆ ದಿನ ಮತ್ತೆ ಕೆರೆಗೆ ಹೊರಟಳು. ಆರನೇ ದಿನ ಮುದ್ದ ನೀರು ಕುಡಿದು ತಲೆ ಎತ್ತುವವರೆಗೆ ಜವರ ಕಾಯುತ್ತಾ ನಿಂತಿದ್ದ. ಅದನ್ನು ಕಂಡದ್ದೇ ಅವಳು ಓಡಿಬಂದು, "ನೊಗ ತನ್ನಿ" ಎಂದಳು. ಎತ್ತರದ ವ್ಯತ್ಯಾಸಕ್ಕೆ ನೊಗ ವಾಲುತ್ತಿತ್ತು. ಗೋಣಿಚೀಲ ಮಡಿಸಿ ಮುದ್ದನ ಕಡೆಗೆ ದಿಂಡು ಕಟ್ಟಿದಳು. ಸರಿಹೋಯಿತು.

ಯುಗಾದಿಯ ಹಿಂದಿನ ದಿನ ಇನ್ನೊಂದು ತಕರಾರು ಬಂತು. ಹೊನ್ನಾರು ಎಲ್ಲಿ? ಉಯ್ಯಂಬಳ್ಳಿಯಲ್ಲೋ, ಇಲ್ಲೋ? "ನನ್ನೂರ್ನಾಗೆ ಎಂಟ್ ತಿಂಗ್ಳಿಂದ ನನ್ನ ಆಡ್ಕಂಡವ್ರೆ, ಇಲ್ಲೇ ಆಗ್ಬೇಕು" ಅಂದ ಅನಂತರಾಜು. ಕಾವೇರಮ್ಮನಿಗೂ ತನ್ನೂರಿನ ಗಂಡಸರ ಮುಂದೆ ಜೋಡಿ ಹೊಡೆದುಕೊಂಡು ಹೋಗುವ ಆಸೆ ಎಷ್ಟಿತ್ತು ಎಂದು ಅವಳಿಗೇ ಗೊತ್ತು. ಆದರೂ ಅವಳಿಗೆ ಬೇಕಾದದ್ದು ಮುದ್ದ, ಮೆರವಣಿಗೆಯಲ್ಲ.

"ಆಯ್ತು, ಇಲ್ಲೇ ಆಗ್ಲಿ. ಆದ್ರೆ ಹೋಗೋ ಸಾಲು ನಿಮ್ದು, ಬರೋ ಸಾಲು ನಂದು. ಮೇಣಿ ನನ್ ಕೈಗ್ ಬರ್ಬೇಕು."

"ಹೆಂಗ್ಸು ಹೊನ್ನಾರು ಹಿಡುದ್ರೆ ಊರೋರು..."

"ಊರೋರ್ಗೆ ನಾನ್ ಹೇಳ್ಕತೀನಿ."

ಗಂಡನಿಗೆ ಫೋನ್ ಮಾಡಿ, "ಮಾತು ಮಾತೇ. ಬಂದ್ ಕಣ್ಣಾರೆ ನೋಡಿ" ಅಂದಳು. ಬೋರಲಿಂಗಯ್ಯ ನಾಲ್ಕು ಬಸ್ಸು ಬದಲಾಯಿಸಿ ಹಿಂದಿನ ಸಂಜೆಯೇ ಬಂದಿಳಿದ. ಅಡುಗೆಯವನ ಕೈ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಸುಚಿತ್ರಾಳ ಒಲೆ ಮುಂದೆ ಕೂತು ಒಬ್ಬಟ್ಟು ತಟ್ಟುತ್ತಿದ್ದವನನ್ನು ಅನಂತರಾಜುವೇ ಎಬ್ಬಿಸಿಕೊಂಡು ಹೊಲಕ್ಕೆ ಕರೆತರಬೇಕಾಯಿತು.

ಊರಿನ ಎಂಟು ಜೋಡಿ ನಿಂತಿದ್ದವು, ಎಲ್ಲ ಅಚ್ಚುಕಟ್ಟಾಗಿ ಸಮ ಬಣ್ಣ, ಸಮ ಎತ್ತರ. ಒಂಬತ್ತನೆಯದು ಒಂದು ಬಿಳಿ, ಒಂದು ಬೂದು, ಬೂದು ಎತ್ತಿನ ಕತ್ತಿನ ಮೇಲೆ ಗೋಣಿಚೀಲ. ನೋಡಿದವರು ಮುಸಿಮುಸಿ ನಕ್ಕರು. ಅನಂತರಾಜು ಹೋಗುವ ಸಾಲು ಹೊಡೆದ. ಹೊಲದ ತುದಿಯಲ್ಲಿ ಕಾವೇರಮ್ಮ ಮೇಣಿಗೆ ಕೈ ಹಾಕಿದಾಗ ಒಬ್ಬ ಮುದುಕ, "ಯಾರಮ್ಮ ನೀನು?" ಎಂದು ಕೂಗಿದ.

"ಬಲಗಡೆ ಎತ್ತಿನೋಳು!" ಎಂದಳು. ಹೋಯ್ ಎಂದಳು. ಎರಡೂ ಒಟ್ಟಿಗೇ ಹೆಜ್ಜೆ ಕಿತ್ತವು.

ಬರುವ ಸಾಲು ಹೋದ ಸಾಲಿಗಿಂತ ನೆಟ್ಟಗಿತ್ತು. ಇದನ್ನು ಹೇಳಿದವನು ಅನಂತರಾಜುವೇ. ಬೋರಲಿಂಗಯ್ಯ ಬದುವಿನ ಮೇಲೆ ಹಿಟ್ಟು ಮೆತ್ತಿದ ಕೈಯಲ್ಲಿ ನಿಂತು ನೋಡುತ್ತಿದ್ದ. ಅವಳು ಹತ್ತಿರ ಬಂದಾಗ, "ಸರಿ ಕನೇ. ಮಾರಾಕಿಲ್ಲ" ಅಂದ. ಅವಳು ತಲೆ ಎತ್ತಲಿಲ್ಲ. ಸಾಲು ಮುಗಿದಿರಲಿಲ್ಲ.

ಒಪ್ಪಂದ ಆ ಮಧ್ಯಾಹ್ನ ಒಬ್ಬಟ್ಟಿನ ಎಲೆಯ ಮುಂದೆ ಆಯಿತು. ಕಾಗದ ಇಲ್ಲ, ಪತ್ರ ಇಲ್ಲ. ಮುದ್ದ ಅವಳವನೇ, ಜವರ ಅವನವನೇ. ಆದರೆ ಜೋಡಿ ಬಿಡಿಸುವ ಹಾಗಿಲ್ಲ. ಮಳೆ ಬರುವವರೆಗೆ ಎರಡೂ ಮಾಗಡಿಯಲ್ಲೇ. ಯಾರ ಹೊಲದಲ್ಲಿ ಮಳೆ ಮೊದಲು ಬೀಳುತ್ತದೋ ಆ ಊರಿಗೆ ಎರಡೂ ಎತ್ತು. ಅಲ್ಲಿನ ಬಿತ್ತನೆ ಮುಗಿದ ಮೇಲೆ ಇನ್ನೊಂದೂರಿಗೆ.

ಅವತ್ತಿನಿಂದ ಮಾಗಡಿಗೂ ಉಯ್ಯಂಬಳ್ಳಿಗೂ ದಿನಾ ಫೋನು. ಕ್ಷೇಮ ಸಮಾಚಾರ ಒಂದು ಮಾತು, ಉಳಿದದ್ದೆಲ್ಲ ಮೋಡ. ಮೇ ತಿಂಗಳ ಒಂದು ಬೆಳಿಗ್ಗೆ ಕಾವೇರಮ್ಮ ಒದ್ದೆ ಕಾಲಲ್ಲೇ ಮೇಲಿನ ಪಟ್ಟೆಯಲ್ಲಿ ನಿಂತು ಫೋನ್ ಮಾಡಿದಳು.

"ಯಜಮಾನ್ರೆ, ನೆನ್ನೆ ಸಂದೇಲಿ ನಮ್ಕಡೆ ಮಳೆ ಹುಯ್ತು."

"ನಮ್ಕಡೆ ಬರೀ ಗುಡುಗು. ಎಷ್ಟ್ ನೆಂದೈತೆ? ಸರ್ಯಾಗ್ ನೋಡಿ ಹೇಳಮ್ಮ."

ಅವಳು ಬಗ್ಗಿ ಮಣ್ಣಿಗೆ ಬೆರಳಿಟ್ಟು ಒತ್ತಿದಳು. ಬೆರಳು ಪೂರ್ತಿ ಇಳಿಯಿತು, ಅಂಗೈ ಮಣ್ಣಿಗೆ ತಾಗಿತು.

"ಹದವಾಗೈತೆ. ನಾಳೀಕ್ ಹೂಡ್ಬೋದು."

ಆ ಕಡೆಯಿಂದ ಒಂದು ನಿಟ್ಟುಸಿರು. ಆಮೇಲೆ ದೂರಕ್ಕೆ ಕೂಗಿದ ದನಿ ಕೇಳಿಸಿತು. "ಲೇ ಸುಚಿತ್ರಾ, ಗಾಡಿಯೋನ್ಗೆ ಹೇಳು. ಎತ್ಗೊಳ್ನ ಹತ್ಸ್ಬೇಕು."